ಕೆಂಪು ಗೆರೆಯ ಆಚೆಗೆ: ಬಾಸ್ಟನ್ನಿನ ಇಟಾಲಿಯನ್ ಕೇರಿಯಲ್ಲಿ ನಡೆದಾಟ

ಬಾಸ್ಟನ್ ನಗರದ ನಡುವೆ ಕೆಲವೆಡೆ ಇಟ್ಟಿಗೆಯಲ್ಲಿ, ಕೆಲವೆಡೆ ಬಣ್ಣದಲ್ಲಿ ಎಳೆದ ಒಂದು ಕೆಂಪು ಗೆರೆ ಇದೆ. ಸುಮಾರು 4 ಕಿಲೋಮೀಟರ್ ಉದ್ದದ ಈ ಗೆರೆಗೆ ಫ್ರೀಡಂ ಟ್ರೇಲ್ ಎಂದು ಹೆಸರು. ಅದನ್ನು ಹಿಡಿದು ನಡೆದರೆ ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ಸೇರಿದ ಹದಿನಾರು ಸ್ಥಳಗಳು ಒಂದಾದ ಮೇಲೊಂದು ಸಿಗುತ್ತವೆ. ಗೆರೆಯ ಒಂದು ತುಂಡು ನಾರ್ತ್ ಎಂಡ್ ಎಂಬ ಪುಟ್ಟ ಕೇರಿಯನ್ನು ಹಾದುಹೋಗುತ್ತದೆ. ಉತ್ತರಕ್ಕೂ ಪೂರ್ವಕ್ಕೂ ಬಂದರಿನ ನೀರು, ಉಳಿದ ಕಡೆ ನಗರ; ಒಟ್ಟು ವಿಸ್ತಾರ ಒಂದು ಚದರ ಕಿಲೋಮೀಟರಿನ ಒಳಗೇ. ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಇಲ್ಲಿ ಪಾಲ್ ರೆವಿಯರ್‌ನ ಮನೆ, ಓಲ್ಡ್ ನಾರ್ತ್ ಚರ್ಚು, ಕಾಪ್ಸ್ ಹಿಲ್ ಸ್ಮಶಾನ ಇಷ್ಟನ್ನು ನೋಡಿ, ಸಾಲಿನಲ್ಲಿ ನಿಂತು ಕನ್ನೋಲಿ ಎಂಬ ಒಂದು ಸಿಹಿತಿಂಡಿ ತಿಂದು, ಎರಡು ಗಂಟೆಯಲ್ಲಿ ಹೊರಟುಬಿಡುತ್ತಾರೆ. ನೂರು ವರ್ಷಕ್ಕೂ ಮಿಕ್ಕಿ ಇಲ್ಲಿ ಬಾಳಿದ ಇಟಲಿಯ ವಲಸಿಗರು ಅವರ ಪಾಲಿಗೆ ಊಟದ ತಟ್ಟೆಯಲ್ಲಿ ಮಾತ್ರ ಉಳಿಯುತ್ತಾರೆ.

ನನ್ನ ಸೋದರಳಿಯ ಬಾಸ್ಟನ್ನಿನ ಹೊರವಲಯದಲ್ಲಿ ಮನೆ ಮಾಡಿಕೊಂಡಿರುವುದರಿಂದ ನನಗೂ ನನ್ನ ಪತ್ನಿಗೂ ಅವಸರವಿರಲಿಲ್ಲ. ಆಗಸ್ಟ್ ತಿಂಗಳ ಕೊನೆಯ ವಾರಾಂತ್ಯವನ್ನೇ ಆರಿಸಿಕೊಂಡೆವು, ಏಕೆಂದರೆ ಸಂತ ಅಂತೋನಿಯವರ ಹಬ್ಬ ನಡೆಯುವುದು ಆಗಲೇ. "ಕಾರು ಮಾತ್ರ ಬೇಡ ಮಾವ, ಅಲ್ಲಿ ನಿಲ್ಲಿಸಲು ಜಾಗ ಸಿಗುವಷ್ಟರಲ್ಲಿ ಸಂಜೆಯಾಗುತ್ತದೆ" ಎಂದು ಅಳಿಯ ಹೇಳಿದ್ದು ಸರಿಯಾದ ಸಲಹೆಯಾಗಿತ್ತು. ಇಲ್ಲಿನವರು ಚಿಕ್ಕದಾಗಿ 'ಟಿ' ಎಂದು ಕರೆಯುವ ರೈಲಿನಲ್ಲಿ ಹೇಮಾರ್ಕೆಟ್ ನಿಲ್ದಾಣಕ್ಕೆ ಬಂದರೆ ಕೇರಿಯ ಹೊಸ್ತಿಲಿಗೇ ಬಂದಂತೆ.

ಶುಕ್ರವಾರ

ನಿಲ್ದಾಣದಿಂದ ಹೊರಬಂದ ಕೂಡಲೇ ಬ್ಲ್ಯಾಕ್‌ಸ್ಟೋನ್ ಬೀದಿಯ ಸಂತೆ ಎದುರಾಯಿತು. ಶುಕ್ರವಾರ ಮತ್ತು ಶನಿವಾರ ಮಾತ್ರ ನಡೆಯುವ ಈ ತರಕಾರಿ ಸಂತೆಯಲ್ಲಿ ತಲೆಮಾರುಗಳಿಂದ ಇಟಾಲಿಯನ್ನರದೇ ಮೇಲುಗೈಯಾಗಿತ್ತಂತೆ. ಈಗ ಮಾರುವವರಲ್ಲೂ ಕೊಳ್ಳುವವರಲ್ಲೂ ಏಷ್ಯಾದ, ಉತ್ತರ ಆಫ್ರಿಕಾದ, ಲ್ಯಾಟಿನ್ ಅಮೆರಿಕದ ಮುಖಗಳೇ ಹೆಚ್ಚು. ಆದರೆ ಹಳೆಯ ಒಂದು ಕಟ್ಟಳೆ ಉಳಿದುಕೊಂಡಿದೆ: ಹಣ್ಣನ್ನು ಮುಟ್ಟಿ ಹಿಸುಕಿ ಆರಿಸುವಂತಿಲ್ಲ. ನನ್ನ ಪತ್ನಿ ಅಭ್ಯಾಸಬಲದಿಂದ ಟೊಮ್ಯಾಟೊ ಕಡೆಗೆ ಕೈ ಚಾಚಿದ್ದಷ್ಟೇ, ಮಾರುವಾತ ಅವಳ ಕೈಗೂ ಹಣ್ಣಿಗೂ ನಡುವೆ ಕಾಗದದ ಚೀಲವೊಂದನ್ನು ಹಿಡಿದು ತಾನೇ ತುಂಬತೊಡಗಿದ. ತುಂಬಿದ್ದರಲ್ಲಿ ಎರಡು ಮೆತ್ತಗಾಗಿದ್ದವು. ಬೆಲೆ ಮಾತ್ರ ಅಂಗಡಿಗಳಿಗಿಂತ ಎಷ್ಟೋ ಕಡಿಮೆ. ಶನಿವಾರ ಸಂಜೆ ಹೋದರೆ ಅದಕ್ಕೂ ಅಗ್ಗವಂತೆ. ಕೆಳಗೆ ನೋಡಿಕೊಂಡು ನಡೆಯುವವರಿಗೆ ಇಲ್ಲಿ ಇನ್ನೊಂದು ಸೋಜಿಗವಿದೆ: ರಸ್ತೆಯಲ್ಲಿ ಹುದುಗಿಸಿದ ಕಂಚಿನ ಬಾಳೆಹಣ್ಣಿನ ಸಿಪ್ಪೆ, ಜೋಳದ ತೆನೆ, ಹರಿದ ಕಾಗದ. ಸಂತೆ ಮುಗಿದ ಮೇಲೆ ಉಳಿಯುವ ಕಸವನ್ನೇ ಅಚ್ಚು ತೆಗೆದು ಮ್ಯಾಗ್ಸ್ ಹ್ಯಾರಿಸ್ ಎಂಬ ಕಲಾವಿದೆ 1976ರಲ್ಲಿ ಮಾಡಿದ ಕೃತಿ ಇದು. ನಗರದ ಅನೇಕ ಕುದುರೆ ಸವಾರರ ಪ್ರತಿಮೆಗಳಿಗಿಂತ ಇದು ನನಗೆ ಹಿಡಿಸಿತು.

ಸಂತೆಯಿಂದ ಕೇರಿಗೆ ಹೋಗಲು ಒಂದು ಉದ್ಯಾನವನ್ನು ದಾಟಬೇಕು. ಹುಲ್ಲುಹಾಸು, ನೀರಿನ ಚಿಲುಮೆ, ಅದರಲ್ಲಿ ನೆನೆಯುತ್ತಿರುವ ಮಕ್ಕಳು. 1950ರ ದಶಕದಲ್ಲಿ ಇದೇ ಜಾಗದಲ್ಲಿ ಮನೆಗಳನ್ನು ಕೆಡವಿ ಕಂಬಗಳ ಮೇಲೆ ಹೆದ್ದಾರಿಯನ್ನು ಕಟ್ಟಿದರು. ಹಸಿರು ಬಣ್ಣದ ಆ ಉಕ್ಕಿನ ಗೋಡೆಯ ಆಚೆಗೆ ನಾರ್ತ್ ಎಂಡ್ ನಗರದಿಂದ ಬೇರ್ಪಟ್ಟು ಉಳಿಯಿತು. ಆ ಹೆದ್ದಾರಿಯನ್ನು ನೆಲದಡಿಯ ಸುರಂಗಕ್ಕೆ ಇಳಿಸಿ ಮೇಲೆ ಉದ್ಯಾನ ಮಾಡುವ ಕೆಲಸ ಮುಗಿದಾಗ 2008 ಬಂದಿತ್ತು. ಉದ್ಯಾನಕ್ಕೆ ಇಟ್ಟಿರುವುದು ಅಧ್ಯಕ್ಷ ಜಾನ್ ಕೆನಡಿಯವರ ತಾಯಿ ರೋಸ್ ಕೆನಡಿಯವರ ಹೆಸರನ್ನು. ಆಕೆ ಹುಟ್ಟಿದ್ದು 1890ರಲ್ಲಿ, ಇದೇ ಕೇರಿಯ ಗಾರ್ಡನ್ ಕೋರ್ಟ್ ಎಂಬ ಓಣಿಯಲ್ಲಿ, ಐರಿಷ್ ಮನೆತನದಲ್ಲಿ.

ಐರಿಷ್ ಎಂದದ್ದಕ್ಕೆ ವಿವರಣೆ ಬೇಕು. ನಾರ್ತ್ ಎಂಡ್‌ನಲ್ಲಿ 1630ರ ದಶಕದಿಂದ ಜನವಸತಿ ಇದೆ. ಮೊದಲು ಇಂಗ್ಲಿಷ್ ಪ್ಯೂರಿಟನ್ನರು, 1840ರ ದಶಕದ ಆಲೂಗಡ್ಡೆ ಬರಗಾಲದ ನಂತರ ಐರಿಷರು, ಅವರ ಬೆನ್ನಿಗೆ ಪೂರ್ವ ಯುರೋಪಿನ ಯಹೂದಿಗಳು, ಆಮೇಲೆ ಇಟಾಲಿಯನ್ನರು. ಇಟಲಿಯವರಲ್ಲೂ ಮೊದಲು ಬಂದವರು ಉತ್ತರದ ಜಿನೋವಾದ ಜನ. ಸಿಸಿಲಿ, ನೇಪಲ್ಸ್, ಅವೆಲ್ಲಿನೊ, ಅಬ್ರುಝ್ಝೊ ಕಡೆಯ ಬಡ ಒಕ್ಕಲು ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆ ಬಳಿಕ. 1930ರ ಹೊತ್ತಿಗೆ ಈ ಅಂಗೈಯಗಲದ ಜಾಗದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಈಗ ಇರುವವರು ಹತ್ತು ಸಾವಿರದ ಆಸುಪಾಸು, ಅವರಲ್ಲಿ ಇಟಾಲಿಯನ್ ಮೂಲದವರು ಅರ್ಧಕ್ಕಿಂತ ಕಡಿಮೆ.

ಹ್ಯಾನೋವರ್ ಬೀದಿಯಿಂದ ಬಲಕ್ಕೆ ತಿರುಗಿ ನಾರ್ತ್ ಸ್ಕ್ವೇರ್ ಎಂಬ ಮುಕ್ಕೋನದ ಚೌಕಕ್ಕೆ ಬಂದೆವು. ಇಲ್ಲಿಯೇ ಸುಮಾರು 1680ರಲ್ಲಿ ಕಟ್ಟಿದ, ಬೂದು ಬಣ್ಣದ ಮರದ ಹಲಗೆಗಳ ರೆವಿಯರ್ ಮನೆ ಇರುವುದು. 1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸೈನ್ಯ ಹೊರಟಿರುವ ಸುದ್ದಿಯನ್ನು ಕುದುರೆಯೇರಿ ಊರೂರಿಗೆ ಮುಟ್ಟಿಸಿದ ಬೆಳ್ಳಿಯ ಕುಸುರಿಗಾರ ಇದ್ದ ಮನೆ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಇಟಾಲಿಯನ್ನರ ಕಾಲದಲ್ಲಿ ಆ ಮನೆಯ ಸ್ಥಿತಿ ಏನಾಗಿತ್ತೆಂಬುದು ನನಗೆ ಹೆಚ್ಚು ಸ್ವಾರಸ್ಯವೆನಿಸಿತು. ಮೇಲೆ ಬಾಡಿಗೆಯ ಕೋಣೆಗಳು, ಕೆಳಗೆ ಅಂಗಡಿಗಳು: ಒಂದು ಕಾಲಕ್ಕೆ ಮಿಠಾಯಿ, ಇನ್ನೊಂದು ಕಾಲಕ್ಕೆ ಚುಟ್ಟಾ, ಹಣ್ಣು ತರಕಾರಿ, ಒಂದು ಇಟಾಲಿಯನ್ ಬ್ಯಾಂಕು ಕೂಡ. 1902ರಲ್ಲಿ ರೆವಿಯರ್‌ನ ಮರಿಮಗನೊಬ್ಬ ಅದನ್ನು ಕೊಂಡು ಕೆಡವದಂತೆ ತಡೆದ. ಬಳಿಕ ಜೋಸೆಫ್ ಚಾಂಡ್ಲರ್ ಎಂಬ ವಾಸ್ತುಶಿಲ್ಪಿ ನಂತರದವರು ಸೇರಿಸಿದ್ದ ಮೂರನೆಯ ಅಂತಸ್ತನ್ನೂ ಅಂಗಡಿಗಳ ಮುಖವನ್ನೂ ತೆಗೆಸಿದ. 1908ರಲ್ಲಿ ಮನೆ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಹದಿನೇಳನೆಯ ಶತಮಾನವನ್ನು ಹೊರಗೆ ತರಬೇಕಾದರೆ ಇಟಾಲಿಯನ್ನರ ನಾಮಫಲಕಗಳನ್ನು ಕಳಚಲೇಬೇಕಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೂ ರೆವಿಯರ್ ಈ ಮನೆಯ ಒಡೆಯನಾಗಿದ್ದದ್ದು 1770ರಿಂದ 1800ರವರೆಗೆ ಮಾತ್ರ. ಮುನ್ನೂರು ವರ್ಷಗಳ ಮನೆಗೆ ಮೂವತ್ತು ವರ್ಷಗಳೇ ಗುರುತಾದವಲ್ಲ ಎಂದು ಒಳಗಿನ ಅಡುಗೆಮನೆಯ ಒಲೆಯ ಮುಂದೆ ನಿಂತಾಗ ಅನ್ನಿಸದಿರಲಿಲ್ಲ.

ಅದೇ ಚೌಕದ ಎದುರು ಬದಿಯಲ್ಲಿ ಸೇಕ್ರೆಡ್ ಹಾರ್ಟ್ ಚರ್ಚು ಇದೆ. ಕೆಂಪು ಗೆರೆಯಲ್ಲಿ ಬಂದವರು ಅದರತ್ತ ತಿರುಗಿಯೂ ನೋಡುವುದಿಲ್ಲ. 1833ರಲ್ಲಿ ಹಡಗಿನ ಕೆಲಸಗಾರರಿಗೆಂದು ಕಟ್ಟಿದ ಪ್ರಾರ್ಥನಾ ಮಂದಿರವಿದು. ಕೇರಿಯಲ್ಲಿ 1873ರಲ್ಲೇ ಸೇಂಟ್ ಲಿಯೊನಾರ್ಡ್ ಎಂಬ ಇಟಾಲಿಯನ್ ಚರ್ಚು ಆರಂಭವಾಗಿತ್ತಾದರೂ ಅದರ ಆಡಳಿತದ ವಿಷಯದಲ್ಲಿ ಜಿನೋವಾದವರಿಗೆ ಸಮಾಧಾನವಿರಲಿಲ್ಲ. ಸಂತ ಮಾರ್ಕನ ಹೆಸರಿನಲ್ಲಿ ಸಂಘ ಕಟ್ಟಿ, ತಾವೇ ಹಣ ಹೊಂದಿಸಿ, 1884ರಲ್ಲಿ ಈ ಕಟ್ಟಡವನ್ನು ಕೊಂಡರು. ಧರ್ಮಾಧ್ಯಕ್ಷರು ವರ್ಷಗಳ ಕಾಲ ಒಪ್ಪಿಗೆ ಕೊಡಲಿಲ್ಲ, ಇವರೂ ಬಿಡಲಿಲ್ಲ. ಕೊನೆಗೆ ಒಪ್ಪಬೇಕಾಯಿತು. ಒಳಗೆ ಮೇಣದಬತ್ತಿ ಜೋಡಿಸುತ್ತಿದ್ದ ವೃದ್ಧರೊಬ್ಬರು ಈ ಜಗಳವನ್ನು ನಿನ್ನೆ ನಡೆದದ್ದನ್ನು ಹೇಳುವ ಉತ್ಸಾಹದಿಂದ ವಿವರಿಸಿದರು. ಗೆದ್ದ ಪಕ್ಷ ಅವರದೆಂದು ಬೇರೆ ಹೇಳಬೇಕಾಗಿಲ್ಲ.

ಸಂಜೆ ಹ್ಯಾನೋವರ್ ಬೀದಿಯ ಕಫೆ ವಿಟ್ಟೋರಿಯಾದಲ್ಲಿ ಕುಳಿತೆವು. 1929ರಿಂದ ಇರುವ ಕಾಫಿಮನೆ. ಹಿತ್ತಾಳೆ ತಾಮ್ರಗಳ ಹಳೆಯ ಕಾಫಿ ಯಂತ್ರಗಳನ್ನು ಸುತ್ತಲೂ ಇಟ್ಟಿದ್ದಾರೆ. ಎಸ್ಪ್ರೆಸೊ ನನ್ನ ಪತ್ನಿಗೆ ಕಹಿಯಾಯಿತು, ನನಗೆ ಸಾಲದಾಯಿತು.

ಶನಿವಾರ

ಬೆಳಗ್ಗೆ ಕಾಲ್ನಡಿಗೆಯ ಪ್ರವಾಸವೊಂದಕ್ಕೆ ಸೇರಿಕೊಂಡೆವು. ಹತ್ತು ಹನ್ನೆರಡು ಜನರ ಗುಂಪು. ಕರೆದೊಯ್ದವರು ಇದೇ ಕೇರಿಯಲ್ಲಿ ಹುಟ್ಟಿದ ನಿವೃತ್ತ ಅಧ್ಯಾಪಕಿ. ಎಪ್ಪತ್ತರ ವಯಸ್ಸಿನಲ್ಲೂ ಅವರ ನಡಿಗೆಗೆ ನಾವು ಏದುಸಿರು ಬಿಡಬೇಕಾಯಿತು. ಹೊರಡುವಾಗಲೇ ಅವರು ಕೆಂಪು ಗೆರೆಯತ್ತ ಬೆರಳು ತೋರಿಸಿ, ಇಂದು ಇದನ್ನು ಆಗಾಗ ದಾಟುತ್ತೇವೆ, ಇದರ ಮೇಲೆ ನಡೆಯುವುದಿಲ್ಲ ಎಂದರು.

ಸೇಲಂ ಬೀದಿಯಲ್ಲಿ ಅವರು ಮೊದಲು ತೋರಿಸಿದ್ದು ಇಟಲಿಯದನ್ನಲ್ಲ. ಅಂಗಡಿಗಳ ನಡುವಿನ ಜೆರುಸಲೇಂ ಪ್ಲೇಸ್ ಎಂಬ ಇಕ್ಕಟ್ಟಾದ ಓಣಿಯನ್ನು. ಯಹೂದಿಗಳ ಸಿನಗಾಗ್ ಇದ್ದ ಜಾಗವದು. ಮಂದಿರ ಹೋಗಿದೆ, ಹೆಸರು ಉಳಿದಿದೆ. ಅಲ್ಲಿಂದ ಮುಂದೆ ಐದಂತಸ್ತಿನ ಇಟ್ಟಿಗೆಯ ವಠಾರಗಳು. ಒಂದು ಅಂತಸ್ತಿಗೆ ಹಲವು ಸಂಸಾರ, ಬಿಸಿನೀರಿಲ್ಲ, ಸ್ನಾನದ ಮನೆಯಿಲ್ಲ. ಮಕ್ಕಳಾಗಿದ್ದಾಗ ವಾರಕ್ಕೊಮ್ಮೆ ಸಾರ್ವಜನಿಕ ಸ್ನಾನಗೃಹಕ್ಕೆ ಸೋಪು ಟವೆಲು ಹಿಡಿದು ಹೋಗುತ್ತಿದ್ದುದನ್ನು ಅವರು ನಗುತ್ತಲೇ ಹೇಳಿದರು. ಹಿಂದಿನ ಕಾಲಕ್ಕೆ ಬೀದಿಗಳೂ ಊರುವಾರು ಹಂಚಿಹೋಗಿದ್ದವಂತೆ: ಬಂದರಿನ ಬದಿಯ ನಾರ್ತ್ ಬೀದಿಯಲ್ಲಿ ಸಿಸಿಲಿಯ ಬೆಸ್ತರು, ಒಳಗಿನ ಬೀದಿಗಳಲ್ಲಿ ಅವೆಲ್ಲಿನೊದವರು, ಹೀಗೆ. ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ, ಹೆಣ್ಣು ಕೊಟ್ಟು ತರುವುದು ದೂರದ ಮಾತು. ಇವರೆಲ್ಲರೂ ಒಂದೇ ಜನ ಎಂದು ಮೊದಲು ತಿಳಿದವರು ಹೊರಗಿನ ಬಾಸ್ಟನ್ನಿನವರೇ.

ಪಾರ್ಮೆಂಟರ್ ಬೀದಿಯ ತಿರುವಿನಲ್ಲಿ ಪೋಲ್ಕಾರಿ ಕಾಫಿ ಅಂಗಡಿ ಇದೆ, 1932ರಿಂದ. ಬಾಗಿಲಿಗೆ ಬರುವ ಮೊದಲೇ ಹುರಿದ ಬೀಜದ ಪರಿಮಳ ಬಂದು ಮುಟ್ಟಿತು. ಕಾಫಿ ಸೀಮೆಯವನಾದ ನನಗೆ ಗುಂಪನ್ನು ಅಲ್ಲಿಯೇ ಬಿಡುವ ಮನಸ್ಸಾಯಿತು. ತಕ್ಕಡಿಯಲ್ಲಿ ಬೀಜ ತೂಗುತ್ತಿದ್ದವರಿಗೆ, ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿಯೇ ಎಂದೂ, ಆ ಕಾಫಿಯಲ್ಲಿ ದೊಡ್ಡ ಪಾಲು ನಮ್ಮ ಕೊಡಗು ಚಿಕ್ಕಮಗಳೂರು ಕಡೆಯದೆಂದೂ ಹೇಳಿದೆ. ಎಸ್ಪ್ರೆಸೊ ಮೇಲೆ ನಿಲ್ಲುವ ಹೊಂಬಣ್ಣದ ನೊರೆಗೆ ಒಳ್ಳೆಯ ರೊಬಸ್ಟಾ ಬೆರಕೆ ಬೇಕಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆ ರೊಬಸ್ಟಾ ಯಾವ ಗುಡ್ಡದಿಂದ ಬರುತ್ತದೆ ಎಂಬುದು ಹೊಸದಾಗಿತ್ತು. ಗಿಡದಲ್ಲಿ ಹಣ್ಣು ಯಾವ ಬಣ್ಣವಿರುತ್ತದೆ, ಕೊಯ್ಯುವುದು ಯಾರು, ಯಾವ ತಿಂಗಳು ಎಂದು ಅವರೇ ಕೇಳತೊಡಗಿದರು. ಹಿಂದೆ ನಿಂತಿದ್ದ ಗಿರಾಕಿಯೊಬ್ಬರು ಕೆಮ್ಮಿದ ಮೇಲೆ ಹೊರಬಂದೆ. ಬೇಸಿಗೆಯಲ್ಲಿ ಇಲ್ಲಿ ಕೊಡುವ ನಿಂಬೆಹಣ್ಣಿನ ಪುಡಿಮಂಜನ್ನು ತಪ್ಪಿಸಬಾರದು. ಅಂದಿನ ಸೆಕೆಗೆ ಅದಕ್ಕಿಂತ ಒಳ್ಳೆಯ ಮದ್ದಿರಲಿಲ್ಲ.

ಪ್ರಿನ್ಸ್ ಬೀದಿಯಲ್ಲಿ 1912ರಲ್ಲಿ ಮೂವರು ಸಿಸಿಲಿಯವರು ಸೇರಿ ಪಾಸ್ತಾ ತಯಾರಿಸಲು ತೊಡಗಿದ್ದರಿಂದಲೇ ಪ್ರಿನ್ಸ್ ಎಂಬ ಪ್ರಸಿದ್ಧ ಪಾಸ್ತಾ ಹೆಸರು ಬಂತು. ಅದಕ್ಕೂ ಹಿಂದೆ, 1848ರಲ್ಲಿ, ಜಿನೋವಾ ಕಡೆಯ ಲುಯಿಜಿ ಪಾಸ್ತೆನೆ ಇದೇ ಕೇರಿಯಲ್ಲಿ ತಳ್ಳುಗಾಡಿಯ ವ್ಯಾಪಾರ ಶುರುಮಾಡಿದ್ದರು. ಅವರ ಹೆಸರಿನ ಟೊಮ್ಯಾಟೊ ಡಬ್ಬಿಗಳು ಇಂದಿಗೂ ಅಮೆರಿಕದ ಅಂಗಡಿಗಳಲ್ಲಿವೆ. ಮಧ್ಯಾಹ್ನದ ಹಸಿವಿಗೆ ಅಧ್ಯಾಪಕಿ ನಮ್ಮನ್ನು ಹ್ಯಾನೋವರ್ ಬೀದಿಯ ಒಂದು ಹಳೆಯ ಅಂಗಡಿಗೆ ಕಳುಹಿಸಿದರು. ನಗದು ಮಾತ್ರ, ದೊಡ್ಡ ತಟ್ಟೆಯಲ್ಲಿ ಬೇಯಿಸಿದ ಚೌಕ ತುಂಡಿನ ಸಿಸಿಲಿಯನ್ ಪಿಜ್ಜಾ, ಮಾಡಿದ್ದು ಖಾಲಿಯಾದ ಕೂಡಲೇ ಬಾಗಿಲು. ಸಸ್ಯಾಹಾರಿಗಳು ಒಂದೆರಡು ವಿಷಯ ತಿಳಿದಿರಬೇಕು. ಅನ್ನದ ಉಂಡೆಯಂತೆ ಕಾಣುವ ಅರಂಚಿನಿಯ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ. ಆಲೂಗಡ್ಡೆ ಮತ್ತು ಚೀಸ್ ಸೇರಿಸಿ ಕರಿದ ಪನ್ಝರೊಟ್ಟಿ ನಮಗೆ ಒಗ್ಗಿತು. ಕನ್ನೋಲಿಯ ಗರಿಗರಿ ಕೊಳವೆಯ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬನ್ನು ಸೇರಿಸುತ್ತಾರೆ, ಹಾಗಾಗಿ ಕೇಳಿಯೇ ಕೊಳ್ಳುವುದು ಒಳಿತು. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಇನ್ನೊಂದು ಮಾತು: ಕನ್ನೋಲಿಯೊಳಗೆ ರಿಕೋಟಾ ಎಂಬ ಮೆತ್ತನೆಯ ಚೀಸನ್ನು ನಿಮ್ಮ ಕಣ್ಣೆದುರು ತುಂಬಿಕೊಡುವ ಅಂಗಡಿಯೇ ಆಗಬೇಕು. ಮೊದಲೇ ತುಂಬಿಟ್ಟದ್ದು ಮೆತ್ತಗಾಗಿರುತ್ತದೆ, ಹೊರಗಿನ ಸಾಲು ಎಷ್ಟೇ ಉದ್ದವಿರಲಿ.

ಹಲ್ ಬೀದಿಯ ಏರಿನಲ್ಲಿ ಸುಮಾರು ಹತ್ತಡಿ ಅಗಲದ ನಾಲ್ಕಂತಸ್ತಿನ ಮನೆಯೊಂದಿದೆ. ಅಣ್ಣತಮ್ಮಂದಿರ ಜಂಟಿ ನಿವೇಶನದಲ್ಲಿ ಒಬ್ಬ ಯುದ್ಧಕ್ಕೆ ಹೋಗಿದ್ದಾಗ ಇನ್ನೊಬ್ಬ ದೊಡ್ಡ ಮನೆ ಕಟ್ಟಿಕೊಂಡ, ಹಿಂತಿರುಗಿದವನು ಉಳಿದ ಚೂರು ಜಾಗದಲ್ಲಿ ಅವನ ಬೆಳಕನ್ನೂ ನೋಟವನ್ನೂ ಅಡ್ಡಗಟ್ಟುವಂತೆ ಇದನ್ನು ಎಬ್ಬಿಸಿದ ಎಂಬುದು ಐತಿಹ್ಯ. ದಾಯಾದಿ ಮತ್ಸರಕ್ಕೆ ದೇಶಭಾಷೆಗಳ ಭೇದವಿಲ್ಲ ಎಂದು ನನ್ನ ಪತ್ನಿ ಮೆಲ್ಲನೆ ಅಂದಳು. ಎದುರಿಗೇ 1659ರ ಕಾಪ್ಸ್ ಹಿಲ್ ಸ್ಮಶಾನ. 1769ರಲ್ಲಿ ತೀರಿಕೊಂಡ ಡೇನಿಯಲ್ ಮಾಲ್ಕಂ ಎಂಬ ವ್ಯಾಪಾರಿಯ ಸಮಾಧಿಗಲ್ಲಿನ ಮೇಲೆ ಗುಂಡಿನ ಕಲೆಗಳಿವೆ. ಬ್ರಿಟಿಷ್ ಸಿಪಾಯಿಗಳು ಗುರಿಯಿಟ್ಟು ಹೊಡೆದದ್ದೆಂದು ಹೇಳುತ್ತಾರೆ. ಸಾವಿರಕ್ಕೂ ಹೆಚ್ಚು ಕಪ್ಪು ಜನರು, ಗುಲಾಮರೂ ಸ್ವತಂತ್ರರೂ, ಇದೇ ದಿಬ್ಬದಲ್ಲಿ ಮಣ್ಣಾಗಿದ್ದಾರೆ. ಅವರಲ್ಲಿ ಬಹುತೇಕರಿಗೆ ಕಲ್ಲೂ ಇಲ್ಲ.

ದಿಬ್ಬ ಇಳಿದು ಕಮರ್ಷಿಯಲ್ ಬೀದಿಯನ್ನು ದಾಟಿದರೆ ನೀರಿನ ಅಂಚಿನ ಲಾಂಗೋನ್ ಉದ್ಯಾನ. ಅಧ್ಯಾಪಕಿ ಬಹಳ ಹೊತ್ತು ನಿಂತದ್ದು ಇಲ್ಲಿ. ಈ ಜಾಗದಲ್ಲಿ 1915ರಲ್ಲಿ 50 ಅಡಿ ಎತ್ತರದ, 90 ಅಡಿ ವ್ಯಾಸದ ಉಕ್ಕಿನ ತೊಟ್ಟಿಯೊಂದನ್ನು ಕಟ್ಟಿದರು. ಕೆರಿಬಿಯನ್ ದ್ವೀಪಗಳಿಂದ ಹಡಗಿನಲ್ಲಿ ಬರುವ ಕಾಕಂಬಿಯನ್ನು ಅದರಲ್ಲಿ ತುಂಬಿಸಿಟ್ಟು, ಯುದ್ಧದ ಮದ್ದುಗುಂಡಿಗೆ ಬೇಕಾದ ಆಲ್ಕೋಹಾಲ್ ತಯಾರಿಗೆ ಕಳುಹಿಸುತ್ತಿದ್ದರು. ತೊಟ್ಟಿ ಮೊದಲ ದಿನಗಳಿಂದಲೇ ಸೋರುತ್ತಿತ್ತು. ಕೇರಿಯ ಮಕ್ಕಳು ಡಬ್ಬಿ ಹಿಡಿದು ಸೋರಿದ್ದನ್ನು ಮನೆಗೆ ಒಯ್ಯುತ್ತಿದ್ದರು. ಕಂಪನಿ ದುರಸ್ತಿ ಮಾಡುವ ಬದಲು ಸೋರಿಕೆ ಕಾಣದಿರಲೆಂದು ತೊಟ್ಟಿಗೆ ಕಂದು ಬಣ್ಣ ಬಳಿಸಿತು. 1919ರ ಜನವರಿ 15ರ ಮಧ್ಯಾಹ್ನ, ಕೊರೆವ ಚಳಿ ತುಸು ಹಿಂದೆ ಸರಿದಿದ್ದ ಹೊತ್ತಿನಲ್ಲಿ, ತೊಟ್ಟಿ ಸಿಡಿಯಿತು. 23 ಲಕ್ಷ ಗ್ಯಾಲನ್, ಎಂದರೆ ಸುಮಾರು 87 ಲಕ್ಷ ಲೀಟರ್ ಕಾಕಂಬಿ, 25 ಅಡಿ ಎತ್ತರದ ಅಲೆಯಾಗಿ, ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ ಬೀದಿಗೆ ನುಗ್ಗಿತು. ಮೇಲ್ಸೇತುವೆಯ ರೈಲು ಹಳಿಯ ಕಂಬಗಳು ಬಾಗಿದವು, ಅಗ್ನಿಶಾಮಕ ಠಾಣೆ ಬುಡದಿಂದ ಕದಲಿತು, ಕುದುರೆಗಳು ಅಂಟಿನಲ್ಲಿ ಸಿಕ್ಕು ಒದ್ದಾಡಿದವು. ಸತ್ತವರು 21 ಮಂದಿ, ಗಾಯಗೊಂಡವರು ಸುಮಾರು 150. ಸತ್ತವರಲ್ಲಿ ಐರಿಷ್ ಕೂಲಿಗಳಿದ್ದರು, ಇಟಾಲಿಯನ್ ಕುಟುಂಬಗಳ ಹತ್ತು ವರ್ಷದ ಇಬ್ಬರು ಮಕ್ಕಳಿದ್ದರು. ರಾತ್ರಿ ಚಳಿಗೆ ಕಾಕಂಬಿ ಗಟ್ಟಿಯಾಗುತ್ತಾ ಹೋದಂತೆ ರಕ್ಷಣೆಯ ಕೆಲಸವೂ ಕಷ್ಟವಾಯಿತು. ಕೊನೆಗೆ ಬೀದಿ ತೊಳೆಯಲು ಸಮುದ್ರದ ಉಪ್ಪುನೀರನ್ನೇ ಹಾಯಿಸಬೇಕಾಯಿತು.

ಕಂಪನಿಯ ವಾದ, ಇಟಾಲಿಯನ್ ಅರಾಜಕತಾವಾದಿಗಳು ಬಾಂಬು ಇಟ್ಟಿದ್ದಾರೆ ಎಂಬುದಾಗಿತ್ತು. ವರ್ಷಗಟ್ಟಲೆ ವಿಚಾರಣೆ ನಡೆದು ಆ ವಾದ ನಿಲ್ಲದೆ, ತೊಟ್ಟಿಯ ದೌರ್ಬಲ್ಯವೇ ಕಾರಣವೆಂದು ತೀರ್ಮಾನವಾಗಿ, ಕಂಪನಿ ಪರಿಹಾರ ಕೊಟ್ಟಿತು. ಇಷ್ಟು ದೊಡ್ಡ ತೊಟ್ಟಿಯನ್ನು ಮನೆಗಳ ಮಗ್ಗುಲಲ್ಲಿ ಕಟ್ಟುವಾಗ ಯಾರೂ ಏಕೆ ತಡೆಯಲಿಲ್ಲ ಎಂದು ನಾನು ಕೇಳಿದೆ. ಆಗ ಇಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಪೌರತ್ವವಿರಲಿಲ್ಲ, ಪೌರತ್ವವಿಲ್ಲದವರಿಗೆ ಮತವಿಲ್ಲ, ಮತವಿಲ್ಲದವರ ಮಾತನ್ನು ನಗರಸಭೆಯಲ್ಲಿ ಯಾರು ಕೇಳುತ್ತಾರೆ ಎಂದು ಅವರು ಮರುಪ್ರಶ್ನೆ ಹಾಕಿದರು. ಅಷ್ಟು ದೊಡ್ಡ ಅನಾಹುತದ ನೆನಪಿಗೆ ಇಲ್ಲಿರುವುದು ಒಂದು ಸಣ್ಣ ಹಸಿರು ಫಲಕ ಮಾತ್ರ. ತೋರಿಸದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಹಿಂದೆಯೇ ಬೊಚ್ಚೆ ಆಟದ ಅಂಕಣಗಳು. ಅಲ್ಲಿ ನಾಲ್ವರು ಮುದುಕರು ಚೆಂಡು ಉರುಳಿಸುವುದಕ್ಕಿಂತ ಹೆಚ್ಚು ಹೊತ್ತನ್ನು ದೂರ ಅಳೆಯುವ ಜಗಳದಲ್ಲಿ ಕಳೆಯುತ್ತಿದ್ದರು. ನೀರಿನ ಆಚೆ ದಡದಲ್ಲಿ ಚಾರ್ಲ್ಸ್‌ಟೌನ್.

ಅಷ್ಟರಲ್ಲಿ ಆಕಾಶ ಕಪ್ಪಾಗಿ, ಗುಡುಗಿ, ಹನಿ ಬಿತ್ತು. ಮಲೆನಾಡಿನವರೆಂಬ ಹಮ್ಮಿನಿಂದ ಕೊಡೆ ತಾರದ ನಾವೂ ಎಲ್ಲರ ಜೊತೆ ಓಡಿ ಹ್ಯಾನೋವರ್ ಬೀದಿಯ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತೆವು. ದಾರದಲ್ಲಿ ಕಟ್ಟಿಸಿಕೊಂಡಿದ್ದ ಮಿಠಾಯಿಯ ಕಾಗದದ ಪೆಟ್ಟಿಗೆ ನೆನೆದು ಮುದ್ದೆಯಾಗಿ, ಅಳಿಯನ ಮಕ್ಕಳಿಗೆಂದು ಕೊಂಡ ಬಾದಾಮಿ ಬಿಸ್ಕತ್ತು ನೀರಾಯಿತು. ಮಳೆ ನಿಲ್ಲುವವರೆಗೆ ಅಧ್ಯಾಪಕಿ ಉಳಿದ ಕಥೆಯನ್ನು ಅಲ್ಲಿಯೇ ಹೇಳಿದರು. 1920ರಲ್ಲಿ ಬಾಸ್ಟನ್ನಿನ ದಕ್ಷಿಣದ ಬ್ರೇನ್‌ಟ್ರೀಯ ಶೂ ಕಾರ್ಖಾನೆಯ ಸಂಬಳದ ಹಣ ದೋಚಿ ಇಬ್ಬರನ್ನು ಕೊಂದ ಪ್ರಕರಣದಲ್ಲಿ ಸಿಕ್ಕಿಬಿದ್ದವರು ನಿಕೊಲಾ ಸಾಕೊ ಮತ್ತು ಬಾರ್ತೊಲೊಮಿಯೊ ವಾಂಝೆಟ್ಟಿ. ಒಬ್ಬ ಶೂ ಕಾರ್ಮಿಕ, ಇನ್ನೊಬ್ಬ ಮೀನು ಮಾರುವವ, ಇಬ್ಬರೂ ಅರಾಜಕತಾವಾದಿಗಳು. ಅವರ ಪರವಾದ ಸಮಿತಿಯ ಕಚೇರಿ ಇದ್ದದ್ದು ಇದೇ ಹ್ಯಾನೋವರ್ ಬೀದಿಯಲ್ಲಿ. ಜಗತ್ತಿನ ನಾನಾ ನಗರಗಳಲ್ಲಿ ಪ್ರತಿಭಟನೆ ನಡೆದರೂ 1927ರ ಆಗಸ್ಟ್ 23ರಂದು ಚಾರ್ಲ್ಸ್‌ಟೌನ್ ಸೆರೆಮನೆಯಲ್ಲಿ ಇಬ್ಬರನ್ನೂ ವಿದ್ಯುತ್ ಕುರ್ಚಿಗೆ ಏರಿಸಿದರು. ಶವಗಳನ್ನು ಇದೇ ಬೀದಿಯಲ್ಲಿ ದರ್ಶನಕ್ಕೆ ಇಟ್ಟಿದ್ದರು. ಆಗಸ್ಟ್ 28ರ ಭಾನುವಾರ, ಮಳೆಯಲ್ಲೇ, ಸಾವಿರಾರು ಜನರು ಹಿಂಬಾಲಿಸಿದ ಮೆರವಣಿಗೆ ಇಲ್ಲಿಂದ ಫಾರೆಸ್ಟ್ ಹಿಲ್ಸ್ ಸ್ಮಶಾನದವರೆಗೆ ನಡೆಯಿತು. ಆ ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲವೆಂದು ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಮೈಕೆಲ್ ಡುಕಾಕಿಸ್ ಘೋಷಿಸಿದ್ದು ಸರಿಯಾಗಿ 50 ವರ್ಷಗಳ ನಂತರ, 1977ರಲ್ಲಿ. ಗುಂಪಿನ ಯುವಕನೊಬ್ಬ, ಅವರು ನಿಜಕ್ಕೂ ತಪ್ಪಿತಸ್ಥರೇ ಎಂದು ಕೇಳಿದ. ನಮ್ಮ ಮನೆಯ ಊಟದ ಮೇಜಿನಲ್ಲಿ ಈ ಪ್ರಶ್ನೆಗೆ ಎರಡು ಪಕ್ಷಗಳಿದ್ದವು, ಎರಡರ ಮಾತೂ ಜೋರಾಗಿತ್ತು ಎಂದಷ್ಟೇ ಅವರು ಉತ್ತರಿಸಿದರು.

ಭಾನುವಾರ

ಅವೆಲ್ಲಿನೊ ಪ್ರಾಂತದ ಮೊಂತೆಫಾಲ್ಚೊನೆ ಎಂಬ ಬೆಟ್ಟದ ಹಳ್ಳಿಯಿಂದ ಬಂದವರು ತಮ್ಮೂರ ಸಂತ ಅಂತೋನಿಯ ಹಬ್ಬವನ್ನು ಇಲ್ಲಿ ಆರಂಭಿಸಿದ್ದು 1919ರಲ್ಲಿ, ಕಾಕಂಬಿ ಹರಿದ ವರ್ಷವೇ. ಸಿಸಿಲಿಯ ಶಾಕ್ಕಾ ಊರಿನ ಬೆಸ್ತರ ಹಬ್ಬ ಇನ್ನೂ ಹಳೆಯದು, 1910ರದು. ಅದು ಆಗಸ್ಟ್ ನಡುವಿನಲ್ಲಿ ಮುಗಿದಿತ್ತು. ಅದರಲ್ಲಿ ದೇವದೂತೆಯ ವೇಷದ ಹುಡುಗಿಯೊಬ್ಬಳನ್ನು ಹಗ್ಗದಲ್ಲಿ ಬೀದಿಯ ಮೇಲೆ ತೇಲಿಬಿಡುತ್ತಾರೆ. ಸಾಧ್ಯವಿರುವವರು ಅದನ್ನೂ ಹೊಂದಿಸಿಕೊಂಡು ಬರಬಹುದು.

ಮಧ್ಯಾಹ್ನ ಹನ್ನೆರಡಕ್ಕೆ ಎಂಡಿಕಾಟ್ ಬೀದಿಯಿಂದ ಮೂರ್ತಿ ಹೊರಟಿತು. ವಾದ್ಯದ ತಂಡಗಳು, ಪಟ್ಟಿ ತೊಟ್ಟ ಸಂಘದ ಸದಸ್ಯರು, ಹೆಗಲು ಬದಲಿಸುತ್ತಾ ಹೊರುವವರು. ಮೂರ್ತಿಯಿಂದ ಇಳಿಬಿಟ್ಟ ರಿಬ್ಬನ್ನುಗಳಿಗೆ ಭಕ್ತರು ಡಾಲರ್ ನೋಟುಗಳನ್ನು ಪಿನ್ನಿನಿಂದ ಸಿಕ್ಕಿಸುತ್ತಾರೆ. ಸಂಜೆಯ ಹೊತ್ತಿಗೆ ಸಂತರು ನೋಟಿನ ಹಸಿರಿನಲ್ಲಿ ಮುಚ್ಚಿಹೋಗುತ್ತಾರೆ. ಮೇಲಿನ ಕಿಟಕಿಗಳಿಂದ ಬಣ್ಣದ ಕಾಗದದ ಚೂರುಗಳು ಸುರಿಯುತ್ತಿದ್ದವು. ಮೂರ್ತಿ ಕೇರಿಯ ಬೀದಿಬೀದಿ ಸುತ್ತಿ ಮರಳುವುದು ರಾತ್ರಿ ಹತ್ತಕ್ಕೆ, ಆದ್ದರಿಂದ ಬೆನ್ನಟ್ಟಿ ನಡೆಯುವುದಕ್ಕಿಂತ ಒಂದು ಮೂಲೆ ಹಿಡಿದು ಕಾಯುವುದೇ ಜಾಣತನ.

ನಾವು ಹಿಡಿದ ಮೂಲೆ ಥ್ಯಾಚರ್ ಬೀದಿಯಲ್ಲಿ, 1926ರ ರೆಜಿನಾ ಪಿಜ್ಜಾ ಅಂಗಡಿಯ ಸಮೀಪ. ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದ ಎಂಬತ್ತರ ಪ್ರಾಯದ ಹೆಂಗಸೊಬ್ಬರು ನನ್ನ ಪತ್ನಿಯ ಸೀರೆಯ ಅಂಚನ್ನು ಮುಟ್ಟಿ ನೋಡಿ, ತಮ್ಮ ತಾಯಿಯೂ ಹೊಲಿಗೆಯ ಕಾರ್ಖಾನೆಯಲ್ಲಿ ದುಡಿದವರೆಂದು ಮಾತು ತೆಗೆದರು. ಎದುರಿನ ಕಟ್ಟಡದ ಮೂರನೆಯ ಅಂತಸ್ತು ತೋರಿಸಿ, ತಾವು ಹುಟ್ಟಿದ್ದು ಅಲ್ಲಿ ಎಂದರು. ಮದುವೆಯಾದ ಮೇಲೆ ಬಾಸ್ಟನ್ನಿನ ಹೊರಗಿನ ಮೆಡ್‌ಫರ್ಡ್ ಊರಿಗೆ ಹೋದರಂತೆ. ಅಣ್ಣ ರೆವಿಯರ್ ಎಂಬ ಊರಿಗೆ, ತಂಗಿ ಸಾಗಸ್‌ಗೆ. ವರ್ಷವೆಲ್ಲಾ ಫೋನಿನಲ್ಲಿ, ಈ ಒಂದು ದಿನ ಈ ಮೂಲೆಯಲ್ಲಿ. ನಮ್ಮ ಕಡೆ ರಥೋತ್ಸವದ ದಿನಕ್ಕೆ ಬೆಂಗಳೂರಿನಿಂದ ಬಂದಿಳಿದು, ತೇರು ನೆಲೆಗೆ ಮುಟ್ಟಿದ ಮರುದಿನವೇ ಹೊರಡುವ ಮನೆಮಂದಿಯ ನೆನಪಾಯಿತು. ಹಾಗೆಂದು ಅವರಿಗೆ ಹೇಳಿದಾಗ, ನಿಮ್ಮಲ್ಲೂ ಮರುದಿನ ಊಟದ ಪಾತ್ರೆ ತೊಳೆಯಲು ಯಾರೂ ಉಳಿಯುವುದಿಲ್ಲವೇ ಎಂದು ಕೇಳಿದರು. ಈಗ ಅವರು ಹುಟ್ಟಿದ ಮನೆಯಲ್ಲಿ ಇರುವವರು ಕಂಪ್ಯೂಟರ್ ಕೆಲಸದ ಮೂವರು ಹುಡುಗರು. ಆ ಹುಡುಗರು ಕೊಡುವ ಒಂದು ತಿಂಗಳ ಬಾಡಿಗೆಗೆ ತಮ್ಮ ತಂದೆ ಇಡೀ ಕಟ್ಟಡವನ್ನೇ ಕೊಳ್ಳಬಹುದಿತ್ತು ಎಂದು ನಕ್ಕರು. ಕಿಟಕಿಯಿಂದ ಕಾಗದದ ಚೂರು ಎಸೆಯುತ್ತಿದ್ದವರೂ ಅದೇ ಹುಡುಗರು. ಬೆಳಿಗ್ಗೆ ಮೇಲೆ ಹತ್ತಿಹೋಗಿ ಚೀಲ ಕೊಟ್ಟು, ಸಂತರು ಯಾವ ಹೊತ್ತಿಗೆ ಬರುತ್ತಾರೆ, ಯಾವಾಗ ಎಸೆಯಬೇಕು ಎಂದು ಅವರಿಗೆ ಕಲಿಸಿಬಂದದ್ದು ಈಕೆಯೇ.

ಮಂಗಳವಾರ

ಸೋಮವಾರ ಕಾಲಿಗೆ ವಿಶ್ರಾಂತಿ. ಮಂಗಳವಾರ ಮತ್ತೆ ಹೊರಟದ್ದು ಅಧ್ಯಾಪಕಿಯ ಮಾತಿನಿಂದ. ನಾರ್ತ್ ಎಂಡ್ ಏಕೆ ಉಳಿಯಿತು ಎಂದು ತಿಳಿಯಬೇಕಾದರೆ ವೆಸ್ಟ್ ಎಂಡ್‌ಗೆ ಹೋಗಿ ನೋಡಿ ಎಂದಿದ್ದರು.

ಹತ್ತು ಹದಿನೈದು ನಿಮಿಷದ ನಡಿಗೆ. ಅಲ್ಲಿಯೂ ಇಟಾಲಿಯನ್ನರು, ಯಹೂದಿಗಳು, ಪೋಲೆಂಡಿನವರು ಇದ್ದ, ಇಂಥದೇ ವಠಾರಗಳ ಕೇರಿಯೊಂದಿತ್ತು. ನಗರದ ಯೋಜಕರು ಅದನ್ನು ಕೊಳೆಗೇರಿ ಎಂದು ನಿರ್ಧರಿಸಿ, 1958ರಲ್ಲಿ ಒಕ್ಕಲೆಬ್ಬಿಸಲು ತೊಡಗಿ, ಎರಡೇ ವರ್ಷಗಳಲ್ಲಿ ನೆಲಸಮ ಮಾಡಿದರು. ಸುಮಾರು 2,700 ಕುಟುಂಬಗಳು ಚದುರಿಹೋದವು. ಆ ಜಾಗದಲ್ಲಿ ಎದ್ದದ್ದು ಶ್ರೀಮಂತರ ಎತ್ತರದ ವಸತಿ ಗೋಪುರಗಳು. ನೀವು ಇಲ್ಲಿ ವಾಸವಾಗಿದ್ದರೆ ಇಷ್ಟು ಹೊತ್ತಿಗೆ ಮನೆ ಸೇರಿರುತ್ತಿದ್ದಿರಿ ಎಂದು ಆ ಗೋಪುರಗಳವರು ಹೆದ್ದಾರಿಯ ಪಕ್ಕದಲ್ಲಿ ಫಲಕ ಹಾಕಿದ್ದರಂತೆ. ಮನೆ ಕಳೆದುಕೊಂಡವರು ಅದೇ ಹೆದ್ದಾರಿಯಲ್ಲಿ ವಾಹನದಟ್ಟಣೆಯ ನಡುವೆ ಕುಳಿತು ಅದನ್ನು ಓದಬೇಕಿತ್ತು. ಹಳೆಯ ವಠಾರಗಳಲ್ಲಿ ಲೊಮಾಸ್ನಿ ವೇಯಲ್ಲಿ ಒಂದೇ ಒಂದು ಕಟ್ಟಡ ಉಳಿದಿದೆ. ನಾಲ್ಕೂ ಮಗ್ಗುಲು ಖಾಲಿಯಾಗಿ ಒಂಟಿಯಾಗಿ ನಿಂತಿರುವ ಅದನ್ನು ನೋಡಿದಾಗ, ನೆರೆಯ ಹಲ್ ಬೀದಿಯ ಹತ್ತಡಿಯ ಮನೆಗಿಂತಲೂ ಇದೇ ಹೆಚ್ಚು ವಿಚಿತ್ರವಾಗಿ ಕಂಡಿತು. ಎರಡು ಕೇರಿಗಳ ಇಟ್ಟಿಗೆಯಲ್ಲೂ ಬಡತನದಲ್ಲೂ ಯಾವ ವ್ಯತ್ಯಾಸವೂ ಇದ್ದಂತಿಲ್ಲ. ಇಲ್ಲಿನ ಅವಶೇಷವನ್ನು ನೋಡಿ ಊರಿಗೆ ಊರೇ ಗಾಬರಿಯಾದ ಮೇಲೆ ಅಲ್ಲಿಗೆ ಕೈ ಹಾಕುವುದು ಕಷ್ಟವಾಯಿತು ಎಂದು ನನಗೆ ತೋರುತ್ತದೆ.

ಹತ್ತಿರದಲ್ಲೇ ವೆಸ್ಟ್ ಎಂಡ್‌ನ ಪುಟ್ಟ ವಸ್ತುಸಂಗ್ರಹಾಲಯವಿದೆ. ಎಲ್ಲ ದಿನವೂ ತೆರೆದಿರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಈಗ ಇಲ್ಲದ ಬೀದಿಗಳ ನಕ್ಷೆ, ಆ ಬೀದಿಗಳಲ್ಲಿ ಆಡುತ್ತಿರುವ ಮಕ್ಕಳ ಚಿತ್ರಗಳು. ಬಾಹ್ಯಾಕಾಶದ ಟಿವಿ ಸರಣಿಯಲ್ಲಿ ಚೂಪು ಕಿವಿಯ ಪಾತ್ರ ಮಾಡಿದ ಲಿಯೊನಾರ್ಡ್ ನಿಮೊಯ್ ಕೂಡ ಬೆಳೆದದ್ದು ಈ ಕೇರಿಯಲ್ಲೇ. ನಾವು ಹೋದಾಗ ಮೇಜಿನ ಬಳಿ ಒಬ್ಬ ಸ್ವಯಂಸೇವಕರ ಹೊರತು ಬೇರೆ ಯಾರೂ ಇರಲಿಲ್ಲ. ದಿನಕ್ಕೆ ಎಷ್ಟು ಮಂದಿ ಬರುತ್ತಾರೆ ಎಂದು ಕೇಳಿದೆ. ಬರುವವರು ಬರುತ್ತಾರೆ, ಆದರೆ ಬಾಗಿಲು ತೆರೆದವರಲ್ಲಿ ಅನೇಕರು ಕೇಳುವುದು ನಾರ್ತ್ ಎಂಡ್‌ಗೆ ದಾರಿ ಯಾವುದು, ಅಲ್ಲಿ ಯಾವ ಅಂಗಡಿಯ ಕನ್ನೋಲಿ ಚೆನ್ನ ಎಂದು ಹೇಳಿ, ಮೇಜಿನ ಖಾನೆಯಿಂದ ಆ ಪ್ರಶ್ನೆಗೆಂದೇ ಬರೆದಿಟ್ಟಿದ್ದ ಚೀಟಿಯನ್ನು ಅವರು ನಮಗೂ ತೋರಿಸಿದರು.